ಪೊರಕೆ ಯಾವ ಲಿಂಗ?



‘ಪೊರಕೆ’ ಯಾವ ಲಿಂಗವೆಂದು ತರಗತಿಯಲ್ಲಿ ಕೇಳಿದರೆ ನೀವೆಲ್ಲ ಒಕ್ಕೊರಲಿನಿಂದ “ನಪುಂಸಕಲಿಂಗ ಸಾರ್” ಎನ್ನುತ್ತಿದ್ದಿರಿ. ಉತ್ತರ ಸರಿಯೇ. ಆದರೆ ಶನಿವಾರ ಶಾಲೆ ಗುಡಿಸುವ ಸರದಿ ಬಂದಾಗ ನಾನು ಪೊರಕೆಯನ್ನು ಹುಡುಗಿಯರ ಕೈಗೇ ಕೊಡುತ್ತಿದ್ದೆ. ಹುಡುಗರಿಗೆ ಒಂದೆರಡು ಬಿಂದಿಗೆ ನೀರು ತರುವ ಕೆಲಸ, ಆಮೇಲೆ ಆಟ. ವ್ಯಾಕರಣ ಕಲಿಸಿದವನೇ ವ್ಯಾಕರಣ ತಪ್ಪಿದ್ದೆ.

ಯುಗಾದಿ ಸಮೀಪಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮ ಬದನಗುಪ್ಪೆಯ ಹೆಂಚಿನ ಮನೆಗಳಲ್ಲಿ ಹಬ್ಬಕ್ಕೆ ಮುನ್ನ ಧೂಳು ಹೊಡೆಯುವುದೆಂದರೆ ಸಾಮಾನ್ಯ ಕಾರ್ಯವಾಗಿರಲಿಲ್ಲ. ಹಜಾರದ ಸಾಮಾನನ್ನೆಲ್ಲ ಜಗಲಿಗೆ ಸಾಗಿಸಬೇಕು. ಬಿದಿರಿನ ಗಳುವಿಗೆ ಪೊರಕೆ ಕಟ್ಟಿ ಜಂತೆಗಳ ನಡುವಣ ಜೇಡರ ಬಲೆ ತೆಗೆಯಬೇಕು. ಗೋಡೆಗೆ ಸುಣ್ಣ, ಕೊನೆಗೆ ನೆಲ. ತಾರಸಿ ಮನೆಗಳು ಬಂದವು, ಕೆಲಸ ಕಡಿಮೆಯಾಗಲಿಲ್ಲ. ಫ್ಯಾನಿನ ರೆಕ್ಕೆ, ಕಿಟಕಿಯ ಸರಳು, ಟೀವಿಯ ಹಿಂದಣ ತಂತಿಗಳ ಗೋಜಲು, ಸೋಫಾದ ಅಡಿ! ಒಣಧೂಳನ್ನು ಮೇಲಿನಿಂದ ಕೆಳಕ್ಕೆ ಇಳಿಸಿ, ಗುಡಿಸಿದ ಮೇಲೆಯೇ ಒದ್ದೆ ಬಟ್ಟೆ ಹಿಡಿಯಬೇಕು. ಮೊದಲೇ ನೀರು ಸೋಕಿದರೆ ಧೂಳು ಕೆಸರಾಗಿ ಅಂಟಿಕೊಳ್ಳುತ್ತದೆ. ಈ ಕ್ರಮವನ್ನು ನಾನು ಕಲಿತದ್ದು ನಿವೃತ್ತನಾದ ಮೇಲೆ, ಅದೂ ನನ್ನಾಕೆ ಬಿದ್ದ ಮೇಲೆ. ಹಬ್ಬಕ್ಕೆ ಎರಡು ದಿನವಿರುವಾಗ ಸ್ಟೂಲು ಹತ್ತಿ ಫ್ಯಾನು ಒರೆಸುತ್ತಿದ್ದ ಅವಳು ಆಯತಪ್ಪಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಸ್ಟೂಲು ಹಿಡಿದುಕೊಳ್ಳಬೇಕಾಗಿದ್ದ ನಾನು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದೆ.

“ಗಂಡಸರಿಗೆ ಈ ಕೆಲಸ ಬರುವುದಿಲ್ಲ ಮೇಷ್ಟ್ರೇ” ಎನ್ನುವವರು ನಿಮ್ಮಲ್ಲೇ ಇದ್ದೀರಿ. ಹೋಟೆಲಿನ ಮೇಜು ಒರೆಸುವವರು ಯಾರು? ಲಾಡ್ಜಿನ ಕೋಣೆ ತೊಳೆಯುವವರು, ಊರಿನ ಮನೆಗಳಿಗೆ ಕೂಲಿಗೆ ಸುಣ್ಣ ಬಳಿಯುತ್ತಿದ್ದವರು ಯಾರು? ಬಹುಮಟ್ಟಿಗೆ ಗಂಡಸರೇ ಅಲ್ಲವೇ? ಸಂಬಳವಿದ್ದಲ್ಲಿ ಬರುವ ವಿದ್ಯೆ ಸ್ವಂತ ಮನೆಯ ಹೊಸ್ತಿಲು ದಾಟಿದೊಡನೆ ಮರೆತುಹೋಗುವುದು ಸೋಜಿಗದ ಸಂಗತಿ.

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನವೊಂದಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು. ಗಂಡಸರು 97 ನಿಮಿಷ. ಅದೂ ಕೆಲಸ ಮಾಡುವ ಗಂಡಸರ ಲೆಕ್ಕ. ಏನೂ ಮಾಡದವರು ಆ ಸರಾಸರಿಯಲ್ಲಿ ಸೇರಿಯೇ ಇಲ್ಲ! ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಹೋಗುವ ಹೆಣ್ಣುಮಗಳಿಗೂ ಭಾನುವಾರವೆಂದರೆ ವಿಶ್ರಾಂತಿಯಲ್ಲ, ಹಜಾರ ತೊಳೆಯುವ ದಿನ.

ನಗರದಲ್ಲಿರುವ ನಮ್ಮ ಹುಡುಗನೊಬ್ಬ, “ದೊಡ್ಡಪ್ಪ, ಡೀಪ್ ಕ್ಲೀನಿಂಗ್‌ನವರನ್ನು ಕರೆಸಿದರಾಯಿತು” ಎಂದ. ಕರೆಸಲಿ, ನನ್ನ ತಕರಾರಿಲ್ಲ. ದುಡಿಯುವವರಿಗೆ ನ್ಯಾಯವಾದ ಕೂಲಿ ಸಿಗಲಿ. ಆದರೆ ಅವರು ಬರುವ ಮುನ್ನ ಸಾಮಾನು ಎತ್ತಿಟ್ಟವಳು, ಹೋದ ಮೇಲೆ ಜೋಡಿಸಿದವಳು ಅವನ ಹೆಂಡತಿಯೇ. ಹಣ ಕೊಟ್ಟದ್ದರಿಂದ ತನ್ನ ಪಾಲು ಸಂದಿತೆಂದು ಅವನು ಭಾವಿಸಿದ್ದಾನೆ. ಅವಳೂ ದುಡಿಯುತ್ತಾಳೆ, ಅವಳ ಹಣವೂ ಅದರಲ್ಲಿದೆ.

ಹೊಸದಾಗಿ ಪೊರಕೆ ಹಿಡಿಯುವವರಿಗೆ ಒಂದು ಮಾತು. ಬೇಗ ಮುಗಿಸುವ ಆತುರದಲ್ಲಿ ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆಸಬೇಡಿ. ಕ್ಲೋರಿನ್ ಅನಿಲ ಹೊಮ್ಮಿ ಉಸಿರು ಕಟ್ಟುತ್ತದೆ. ಸೋಪುನೀರು ಸಾಕು, ತೋಳಿನ ಬಲ ಬೇಕು.

ನಮ್ಮ ಹಜಾರದ ಫ್ಯಾನು, ಕಿಟಕಿಗಳು ಈಗ ನನ್ನ ಪಾಲಿಗೆ. ನನ್ನಾಕೆ ಕುರ್ಚಿಯಲ್ಲಿ ಕುಳಿತು ತಪ್ಪು ತೋರಿಸುತ್ತಾಳೆ. ಅಂಕ ಕೊಡುವುದರಲ್ಲಿ ನನಗಿಂತ ಬಿಗಿ. ಸೋಫಾ ಸರಿಸುವುದು ಮಾತ್ರ ನನ್ನೊಬ್ಬನಿಂದಾಗದು. ಯುಗಾದಿಗೆ ಊರಿಗೆ ಬರುವ ಗಂಡುಮಕ್ಕಳು ಹಬ್ಬದ ಬೆಳಿಗ್ಗೆ ಬರುವ ಬದಲು ಎರಡು ದಿನ ಮೊದಲೇ ಬನ್ನಿ. ಗಳು, ಪೊರಕೆ ಎರಡನ್ನೂ ಜಗಲಿಯಲ್ಲೇ ಇಟ್ಟಿರುತ್ತೇನೆ.