ಬಾಣಂತಿಯ ಕಣ್ಣೀರೂ ಮಾಲಕರ ರಜೆಯ ಲೆಕ್ಕವೂ

ಊರಿನಲ್ಲಿ ಹೆರಿಗೆಯಾದರೆ ಬಚ್ಚಲಿನ ಹಂಡೆಗೆ ಬೆಳಗಿನಿಂದಲೇ ಬೆಂಕಿ ಬೀಳುತ್ತದೆ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಲು ಒಬ್ಬಳು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಲು ಮತ್ತೊಬ್ಬಳು, ಕಷಾಯ, ಲೇಹ್ಯ, ಕಾಳುಮೆಣಸಿನ ಸಾರುಗಳನ್ನು ಹೊತ್ತುಹೊತ್ತಿಗೆ ಒದಗಿಸಲು ತಾಯಿ, ಅತ್ತಿಗೆ, ದೊಡ್ಡಮ್ಮಂದಿರು. ನಲವತ್ತು ದಿನ ಬಾಣಂತಿಯು ಕೊಡ ಎತ್ತುವಂತಿಲ್ಲ, ಒಲೆಯ ಮುಂದೆ ಕೂರುವಂತಿಲ್ಲ. ಇದರಲ್ಲಿ ಅರ್ಥವಿಲ್ಲದ ಪಥ್ಯಗಳಿದ್ದವು, ಬಾಯಾರಿದವಳಿಗೆ ನೀರು ಕೊಡದಂತಹ ಮೂಢ ಕಟ್ಟಳೆಗಳೂ ಇದ್ದವು. ಅವುಗಳನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಬಾಣಂತನವೆಂಬುದು ತವರು ಮನೆಯು ಹೆತ್ತವಳಿಗೆ ಮಂಜೂರು ಮಾಡುತ್ತಿದ್ದ ಊಟ ಸಹಿತ ರಜೆಯಾಗಿತ್ತು.

ಸಾನಪಾಡಾದ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಈ ರಜೆಯನ್ನು ಮಂಜೂರು ಮಾಡುವವರು ಯಾರು? ಯಜಮಾನನು ಬೆಳಗಿನ ಐದಕ್ಕೆ ಹೋಟೆಲಿನ ಬಾಗಿಲು ತೆಗೆಯಲು ಹೊರಟರೆ ಹಿಂದಿರುಗುವುದು ರಾತ್ರಿ ಹನ್ನೊಂದರ ಮೇಲೆ. ಗುಮಾಸ್ತನಾದರೆ ಎಂಟರ ಲೋಕಲಿಗೆ ಓಡಬೇಕು. ಪಕ್ಕದ ಮನೆಯವರ ಭಾಷೆ ಬೇರೆ, ಬಾಗಿಲು ಸದಾ ಮುಚ್ಚಿರುತ್ತದೆ. ಹಸಿ ಬಾಣಂತಿಯು ನಲ್ಲಿಯ ನೀರು ಬರುವ ಹೊತ್ತಿಗೆ ಎದ್ದು ನೀರು ಹಿಡಿಯಬೇಕು, ಬಟ್ಟೆ ಒಗೆಯಬೇಕು, ಮಗು ಅತ್ತರೆ ಕೆಳಮನೆಯವರ ಮಾತನ್ನೂ ಕೇಳಬೇಕು.

ಪನ್ವೇಲಿನಲ್ಲಿ ಮತ್ಸ್ಯಗಂಧ ರೈಲು ಹತ್ತಿಸಿ ತವರಿಗೆ ಕಳುಹಿಸಬಾರದೇಕೆ ಎಂದು ಕೆಲವರು ಕೇಳಬಹುದು. ಮೊದಲ ಹೆರಿಗೆಗೆ ಹಲವರು ಹಾಗೆಯೇ ಮಾಡುತ್ತಾರೆ. ಎರಡನೆಯದಕ್ಕೆ ಹಿರಿಯ ಮಗುವಿನ ಶಾಲೆ ಅಡ್ಡ ಬರುತ್ತದೆ. ತವರಿನ ತಾಯಿಯೇ ಬೀಡಿ ಕಟ್ಟಿ ದಿನ ನೂಕುತ್ತಿರುವಾಗ ಅವಳ ಮೇಲೆ ಇನ್ನೆರಡು ಹೊಟ್ಟೆಗಳ ಭಾರ ಹೊರಿಸಲು ಮಗಳ ಮನಸ್ಸು ಒಪ್ಪುವುದಿಲ್ಲ.

ಈ ವಿಷಯದಲ್ಲಿ ನಮ್ಮದೇ ತಪ್ಪೊಂದನ್ನು ವಾಚಕರ ಮುಂದಿಡಬೇಕಾಗಿದೆ. ಪತ್ರಿಕೆಯ ಮೇಜಿಗೆ ಬರುವ ಮೊದಲು ನಾವು ಹೋಟೆಲಿನ ಗಲ್ಲೆಯಲ್ಲಿ ಕುಳಿತವರು. ಆಗ ನಮ್ಮಲ್ಲಿ ಪೂರೈಕೆಯ ಕೆಲಸಕ್ಕಿದ್ದ ತರುಣನೊಬ್ಬ ಹೆಂಡತಿಯ ಹೆರಿಗೆಗೆಂದು ಹದಿನೈದು ದಿನದ ರಜೆ ಕೇಳಿದನು. ಗಣೇಶ ಚತುರ್ಥಿಯ ಗಿರಾಕಿಯ ಕಾಲ. ನಾವು ಮೂರು ದಿನ ಕೊಟ್ಟು, "ಹೆರುವವಳು ನಿನ್ನ ಹೆಂಡತಿಯಲ್ಲವೇ, ನಿನಗೇನಯ್ಯಾ ಬಾಣಂತನ?" ಎಂದು ನಗೆಯಾಡಿದೆವು. ಗಲ್ಲೆಯ ಬಳಿ ನಿಂತವರೆಲ್ಲ ನಕ್ಕರು, ಅವನೂ ನಕ್ಕನು. ಎರಡು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಬಂದು, "ಧಣಿಗಳೇ, ಅವಳು ಮಗುವಿನ ಮುಖ ನೋಡುವುದಿಲ್ಲ. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ನಾನಿಲ್ಲದಿದ್ದರೆ ನಿಮಗೆಲ್ಲ ಸುಖ ಎನ್ನುತ್ತಾಳೆ" ಎಂದನು. ನಾವು ಮಾಡಿದ್ದೇನು? ಗಾಳಿ ಸೋಂಕಿರಬೇಕೆಂದು ಐನೂರು ರೂಪಾಯಿ ಕೈಗಿತ್ತು ಒಬ್ಬ ಮಂತ್ರವಾದಿಯ ವಿಳಾಸ ಹೇಳಿದೆವು. ಅವಳನ್ನು ಉಳಿಸಿದ್ದು ನಮ್ಮ ಐನೂರಲ್ಲ. ಅದೇ ಕಟ್ಟಡದಲ್ಲಿದ್ದ ಮಲೆಯಾಳಿ ದಾದಿಯೊಬ್ಬರು ಮಗುವಿಗೆ ಚುಚ್ಚುಮದ್ದು ಹಾಕಿಸಿದ್ದಾರೆಯೇ ಎಂದು ವಿಚಾರಿಸಲು ಬಂದವರು, ತಾಯಿಯ ಕಣ್ಣು ನೋಡಿ, ಮರುದಿನವೇ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ದರು. ಕೆಲವು ತಿಂಗಳಲ್ಲಿ ಆಕೆ ಚೇತರಿಸಿಕೊಂಡಳು.

ಎಸ್ಸೆಸ್ಸೆಲ್ಸಿಯವರೆಗೆ ಓದಿದ ನಾವು ವೈದ್ಯರಲ್ಲ. ತಿಳಿದವರಿಂದ ಅರಿತುದನ್ನಷ್ಟೇ ಬರೆಯುತ್ತೇವೆ. ಹೆರಿಗೆಯ ನಂತರ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಬಹುಮಂದಿ ತಾಯಂದಿರಿಗೆ ಸಹಜ. ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಅದು ಇಳಿಯದೆ, ನಿದ್ದೆ, ಹಸಿವು, ಆಸೆಗಳು ಬತ್ತಿ, ತಾನು ಕೆಟ್ಟ ತಾಯಿಯೆಂಬ ಕೊರಗು ಕೂತರೆ ಅದು ಖಿನ್ನತೆಯೆಂಬ ಕಾಯಿಲೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದುದು ಬೇರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಬುದ್ಧಿಭ್ರಮೆಯಾಗಿ ಇಲ್ಲದ್ದು ಕಾಣುವುದು, ಕೇಳುವುದು ಉಂಟು. ಆಗ ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಎರಡಕ್ಕೂ ಚಿಕಿತ್ಸೆಯಿದೆ. ಹಾಲೂಡಿಸುವ ತಾಯಿಯು ವೈದ್ಯರ ಸಲಹೆಯಂತೆ ಸೇವಿಸಬಹುದಾದ ಔಷಧಿಗಳೂ ಇವೆ.

ಇದು ಉಳ್ಳವರ ಮನೆಯ ನಾಜೂಕು ಕಾಯಿಲೆಯೆಂದು ತಿಳಿದವರು ನಮ್ಮ ನೆರೆಯ ಗೋವೆಯ ಕಡೆ ನೋಡಲಿ. ಅಲ್ಲಿನ ಜಿಲ್ಲಾ ಆಸ್ಪತ್ರೆಯೊಂದಕ್ಕೆ ಬಂದ 270 ಗರ್ಭಿಣಿಯರನ್ನು ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ಹೆರಿಗೆಯಾದ ಆರೆಂಟು ವಾರಗಳಲ್ಲಿ ನೂರಕ್ಕೆ 23 ಮಂದಿ ಖಿನ್ನತೆಗೆ ಒಳಗಾಗಿದ್ದರು. ಆರು ತಿಂಗಳಾದರೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಣವಾಗಿರಲಿಲ್ಲ. ಕಾರಣಗಳ ಪಟ್ಟಿಯಲ್ಲಿ ಬಡತನವಿತ್ತು, ದಾಂಪತ್ಯದ ಬಿರುಕಿತ್ತು, ಗಂಡನ ಹೊಡೆತವಿತ್ತು. ಹುಟ್ಟಿದ್ದು ಹೆಣ್ಣೆಂಬುದು ಈ ಭಾರವನ್ನು ಇನ್ನಷ್ಟು ಹೆಚ್ಚಿಸಿತ್ತು. ಇವುಗಳಲ್ಲಿ ಗಾಳಿಯೂ ಇಲ್ಲ, ಗ್ರಹವೂ ಇಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2009ರಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವನ್ನು ತೆರೆಯಿತು. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳುತ್ತದೆ. ಹುಚ್ಚಿಯೆಂದು ಮಗುವನ್ನು ಕಸಿದುಕೊಳ್ಳುತ್ತಾರೆಂಬ ಭಯದಿಂದ ಬಾಯಿ ಮುಚ್ಚಿಕೊಂಡಿರುವ ಸೋದರಿಯರು ಇದನ್ನು ತಿಳಿಯಬೇಕು.

ವಲಸೆ ಬಂದವರಿಗೆ ಇನ್ನೊಂದು ವಿಶೇಷ ಸಂಕಟವಿದೆ. ಗರ್ಭಿಣಿಯಾಗಿ ಹೆಸರು ಬರೆಸುವುದು ಇಲ್ಲಿ, ಹೆರುವುದು ಊರಿನಲ್ಲಿ, ಮೂರನೆಯ ತಿಂಗಳಿಗೆ ಮರಳುವುದು ಮತ್ತೆ ಇಲ್ಲಿಗೆ. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯರು 42ನೆಯ ದಿನದವರೆಗೆ ಹಲವು ಬಾರಿ ಬರಬೇಕೆಂಬ ನಿಯಮವಿದೆ. ಊರಿನ ಆಶಾ ಪುಸ್ತಕದಲ್ಲಿ ಆಕೆ ಮುಂಬಯಿಗೆ ಹೋದವಳು. ಇಲ್ಲಿಯ ಪುಸ್ತಕದಲ್ಲಿ ಊರಿಗೆ ಹೋದವಳು. ತವರಿನ ಆರೈಕೆ ಮುಗಿದು ಒಂಟಿತನ ಆರಂಭವಾಗುವ ತಿಂಗಳಿನಲ್ಲಿಯೇ ಆಕೆ ಎರಡು ಪುಸ್ತಕಗಳ ನಡುವೆ ಕಳೆದುಹೋಗುತ್ತಾಳೆ. ಊರಿನಿಂದ ಬರುವಾಗ ತಾಯಿ ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿಡದೆ ತಂದು, ವಾರದೊಳಗೆ ಇಲ್ಲಿಯ ನಗರಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಹೆಸರು ಬರೆಸಿಕೊಳ್ಳಬೇಕು.

ಇನ್ನು ಹಣದ ಮಾತು. ಕೇಂದ್ರ ಸರಕಾರದ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, 2022ರಿಂದ ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಈ ಊರಿನ ಬಾಡಿಗೆಯ ಮುಂದೆ ಅದು ಅಲ್ಪವೇ, ಆದರೂ ಬಿಡಬಾರದು. ಕಚೇರಿಗೆ ಹೋಗುವ ತಾಯಿಗೆ 2017ರ ತಿದ್ದುಪಡಿಯು ಸಂಬಳ ಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೇರಿಸಿತು. ತಂದೆಯ ಪ್ರಸ್ತಾಪವನ್ನೇ ಮಾಡಲಿಲ್ಲ. ಕೇಂದ್ರ ಸರಕಾರದ ನೌಕರನಿಗಾದರೆ ಹೆಂಡತಿಯ ಹೆರಿಗೆಗೆ 15 ದಿನದ ರಜೆಯುಂಟು. ದಿಲ್ಲಿಯ ಗುಮಾಸ್ತನ ಹೆಂಡತಿಗೆ ಬೇಕಾದ ಗಂಡ ಸಾನಪಾಡಾದ ಪೂರೈಕೆಯವನ ಹೆಂಡತಿಗೆ ಬೇಡವೇ?

ನಮ್ಮ ಹೋಟೆಲ್ ಮಾಲಕ ಬಂಧುಗಳು ಕಾನೂನಿಗಾಗಿ ಕಾಯಬೇಕಾಗಿಲ್ಲ. ಹದಿನೈದು ದಿನದ ಸಂಬಳ ಸಹಿತ ರಜೆ, ಬಳಿಕ ಎರಡು ತಿಂಗಳು ರಾತ್ರಿಯ ಪಾಳಿಯಿಂದ ಬಿಡುಗಡೆ: ಇಷ್ಟನ್ನು ಕೊಟ್ಟರೆ ಯಾವ ಹೋಟೆಲೂ ಮುಳುಗದು. ಗಲ್ಲೆಯ ಲೆಕ್ಕ ಬಲ್ಲವರಾಗಿಯೇ ಇದನ್ನು ಹೇಳುತ್ತಿದ್ದೇವೆ. ವರ್ಷಕ್ಕೊಮ್ಮೆ ಸಭಾಭವನ ಹಿಡಿದು, ಶಾಲು ಹೊದಿಸಿ, ಯಕ್ಷಗಾನ ಆಡಿಸುವ ನಮ್ಮ ಸಂಘಗಳು ಆ ವೆಚ್ಚದ ಒಂದು ಪಾಲನ್ನು ತೆಗೆದಿಟ್ಟು, ಬಾಣಂತಿಯ ಮನೆಗೆ ಒಂದು ತಿಂಗಳು ಕೆಲಸದಾಕೆಯನ್ನು ಗೊತ್ತುಮಾಡಿಕೊಡಬಹುದು. ಮಹಿಳಾ ವಿಭಾಗದವರು ಅರಸಿನ ಕುಂಕುಮಕ್ಕೆ ಸೇರುವಂತೆ ವಾರಕ್ಕೊಂದು ಮಧ್ಯಾಹ್ನ ಹೋಗಿ ಮಗುವನ್ನು ಎತ್ತಿಕೊಂಡರೆ ಆಕೆಗೆ ಒಂದು ಗಂಟೆಯ ನಿದ್ದೆಯಾದರೂ ದೊರೆಯುತ್ತದೆ. ಗೋವೆಯಲ್ಲಿ ವೈದ್ಯರಲ್ಲದ ಸಾಮಾನ್ಯ ತಾಯಂದಿರನ್ನೇ ತರಬೇತುಗೊಳಿಸಿ, ಸಖಿಯರೆಂಬ ಹೆಸರಿನಲ್ಲಿ ಖಿನ್ನರಾದ ಗರ್ಭಿಣಿಯರ ಮನೆಗೆ ಕಳುಹಿಸಿದ ಪ್ರಯೋಗ ನಡೆದಿದೆ.

ಗಂಡಂದಿರಿಗೆ ಒಂದೇ ಮಾತು. ಮನೆಗೆ ಹೋದೊಡನೆ ಮಗು ಹಾಲು ಕುಡಿಯಿತೇ ಎಂದು ಕೇಳುವ ಮೊದಲು ನೀನು ಉಂಡೆಯಾ, ಮಲಗಿದೆಯಾ ಎಂದು ಕೇಳಿರಿ. ಉತ್ತರ ಸರಿಬಾರದಿದ್ದರೆ 14416 ಎಂಬ ಟೆಲಿ-ಮಾನಸ್ ದೂರವಾಣಿಗೆ ಕರೆ ಮಾಡಿರಿ. 2022ರಲ್ಲಿ ಆರಂಭವಾದ ಈ ಸರಕಾರಿ ಸೇವೆಗೆ ಶುಲ್ಕವಿಲ್ಲ, ಹಗಲುರಾತ್ರಿ ನಡೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಮಾಲಕರಲ್ಲಿ ಒಂದು ವಿನಂತಿ. ಕೆಲಸಗಾರನ ಮನೆಯಲ್ಲಿ ಹೆರಿಗೆಯಾದರೆ ನಿಮ್ಮ ಹೋಟೆಲಿನಲ್ಲಿ ಎಷ್ಟು ದಿನದ ರಜೆ ಕೊಡುತ್ತೀರಿ, ಸಂಬಳ ಸಹಿತವೋ ಅಲ್ಲವೋ ಎಂಬುದನ್ನು ಒಂದು ಕಾಗದದಲ್ಲಿ ಬರೆದು ನಮ್ಮ ಕಚೇರಿಗೆ ಕಳುಹಿಸಿರಿ. ಹೋಟೆಲಿನ ಹೆಸರಿನೊಂದಿಗೆ ಇದೇ ಪುಟದಲ್ಲಿ ಪ್ರಕಟಿಸುವೆವು. ಪಟ್ಟಿಯ ಮೊದಲ ಸಾಲಿನಲ್ಲಿ ನಮ್ಮ ಹಳೆಯ ಹೋಟೆಲಿನ ಮೂರು ದಿನಗಳು ಇರುತ್ತವೆ.