ಕೆಟ್ಟ ಕನಸನ್ನು ವೈದ್ಯರಿಗೂ ಹೇಳಬಾರದೇ?

ಬಬ್ಬೂರಿನ ನಮ್ಮ ಮದ್ರಸದಲ್ಲಿ ಹದಿನಾಲ್ಕರ ಹುಡುಗನೊಬ್ಬ ಓದುತ್ತಿರುವಾಗಲೇ ನಿದ್ರೆಗೆ ಜಾರುತ್ತಿದ್ದನು. ಜೋರಾಗಿ ನಕ್ಕರೆ ಮೊಣಕಾಲು ಸಡಿಲಗೊಂಡು ಕುಸಿಯುತ್ತಿದ್ದನು. ಸೋಮಾರಿಯೆಂದು ಅವನನ್ನು ಗದರಿದವರಲ್ಲಿ ನಾನೂ ಒಬ್ಬ. ರಾತ್ರಿ ಎದೆಯ ಮೇಲೆ ಯಾರೋ ಕುಳಿತಂತಾಗಿ ಕೈಕಾಲು ಆಡದೆ, ಕೊನೆಗೆ ಚೀರಿ ಏಳುತ್ತಿದ್ದನಂತೆ. ಮನೆಯವರು ಜಿನ್ನ್‌ನ ಕಾಟವೆಂದು ತಾಯತ ಕಟ್ಟಿಸಿದರು. ತಾಯತದ ಚರ್ಚೆ ಇಲ್ಲಿ ಬೇಡ. ವೈದ್ಯರಿಗೆ ತೋರಿಸಿರೆಂದಾಗ ಅವನ ತಾಯಿ ಕೇಳಿದರು: "ಕೆಟ್ಟ ಕನಸನ್ನು ಯಾರಿಗೂ ಹೇಳಬಾರದೆಂದು ಕಲಿಸಿದವರು ನೀವೇ ಅಲ್ಲವೇ ಹಜ್ರತ್?"

ನಾನು ಉತ್ತರಿಸಲಾರದೆ ಹೋದೆ.

ಆ ಕಾಯಿಲೆಯ ಹೆಸರು ನಾರ್ಕೊಲೆಪ್ಸಿ. 1880ರಲ್ಲಿ ಫ್ರೆಂಚ್ ವೈದ್ಯ ಜೆಲಿನೋ ಇಟ್ಟ ಹೆಸರಿದು. ನಕ್ಕಾಗ ಕುಸಿಯುವ ಬಗೆಯ ರೋಗಿಗಳಲ್ಲಿ, ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಜೀವಕೋಶಗಳು ನಶಿಸಿರುತ್ತವೆ. ಸಾಮಾನ್ಯವಾಗಿ ಕಣ್ಣು ಹತ್ತಿ ಸುಮಾರು ಒಂದೂವರೆ ಗಂಟೆಯ ಬಳಿಕ ಬರುವ ಕನಸಿನ ನಿದ್ರೆ ಇವರಿಗೆ 15 ನಿಮಿಷದೊಳಗೇ ಬರುವುದುಂಟು. ಆಗ ದೇಹ ಸಡಿಲಗೊಂಡಿರುತ್ತದೆ, ಮನಸ್ಸು ಮಾತ್ರ ಅರ್ಧ ಎಚ್ಚರವಿರುತ್ತದೆ. ದುಃಸ್ವಪ್ನಗಳು ಹೆಚ್ಚು. ಆದರೆ 'ಇದು ಕನಸು' ಎಂಬ ಅರಿವು ಕನಸಿನೊಳಗೇ ಮೂಡುವುದೂ ಇವರಲ್ಲಿ ಹೆಚ್ಚೆಂದು 2015ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನಗಳು ತಿಳಿಸಿವೆ. ಆ ಅರಿವಿನಿಂದ ಕೆಲವರು ದುಃಸ್ವಪ್ನದ ದಿಕ್ಕನ್ನೇ ಬದಲಿಸುತ್ತಾರೆ. ನಮ್ಮ ಹುಡುಗನೂ ಹೇಳಿದ್ದ: "ಕನಸೆಂದು ಗೊತ್ತಾದರೆ ಓಡುವುದನ್ನು ನಿಲ್ಲಿಸಿ ಹಾರಿಬಿಡುತ್ತೇನೆ ಹಜ್ರತ್."

ಕನಸುಗಳಲ್ಲಿ ಅಲ್ಲಾಹನ ಶುಭವಾರ್ತೆ, ಶೈತಾನನ ಬೆದರಿಕೆ, ಮನಸ್ಸಿನದೇ ಮಾತು ಎಂಬ ಮೂರು ಬಗೆಗಳನ್ನು ಪ್ರವಾದಿಯವರು(ಸ) ತಿಳಿಸಿದ್ದಾರೆ. ಮೂರನೆಯದನ್ನು ನಾವು ಮರೆತೇಬಿಟ್ಟಿದ್ದೇವೆ. ಕೆಟ್ಟ ಕನಸು ಕಂಡವನು ಅಲ್ಲಾಹನ ಅಭಯ ಯಾಚಿಸಿ ಮಗ್ಗುಲು ಬದಲಿಸಲಿ, ಅದನ್ನು ಯಾರಿಗೂ ಹೇಳದಿರಲಿ ಎಂಬುದೂ ಅವರದೇ ಶಿಕ್ಷಣ. ಭಯ ಹರಡದಿರಲೆಂದು, ಸಲ್ಲದ ವ್ಯಾಖ್ಯಾನ ಹುಟ್ಟದಿರಲೆಂದು ಈ ಶಿಷ್ಟಾಚಾರವೆಂಬುದು ನನ್ನ ತಿಳಿವಳಿಕೆ. ವೈದ್ಯರ ಮುಂದೆ ನಾವು ವ್ಯಾಖ್ಯಾನ ಕೇಳುವುದಿಲ್ಲ, ನೋವು ಹೇಳಿಕೊಳ್ಳುತ್ತೇವೆ. ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರೂ ಅದೇ ಪ್ರವಾದಿಯವರು(ಸ). ವಿದ್ವಾಂಸರು ತಿದ್ದಿದರೆ ತಿದ್ದಿಕೊಳ್ಳಲು ಸಿದ್ಧನಿದ್ದೇನೆ. ಮೌನದಿಂದ ಮಗು ನರಳುವುದನ್ನು ಮಾತ್ರ ಒಪ್ಪಲಾರೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರಾ ಸಮಸ್ಯೆಗಳಿಗೆ ಚಿಕಿತ್ಸೆಯಿದೆ. ರಾತ್ರಿಯ ನಿದ್ರೆಯನ್ನೂ ಮರುದಿನದ ಕಿರುನಿದ್ರೆಗಳನ್ನೂ ಅಳೆದು ಈ ಕಾಯಿಲೆಯನ್ನು ಗುರುತಿಸುತ್ತಾರೆ. ಪೂರ್ಣ ಗುಣವಾಗದು, ಔಷಧದಿಂದ ಹತೋಟಿಗೆ ಬರುತ್ತದೆ. ಹಗಲಲ್ಲಿ ನಿಗದಿತ ಕಿರುನಿದ್ರೆಯೂ ಚಿಕಿತ್ಸೆಯ ಭಾಗವೇ.

ಆ ಹುಡುಗನಲ್ಲಿ ಕ್ಷಮೆ ಕೇಳಿದ್ದೇನೆ. ಈಗ ಝುಹ್ರ್ ನಮಾಝಿನ ಬಳಿಕ ಅವನ ಕೈಲೂಲಾಕ್ಕೆಂದು ತರಗತಿಯ ಮೂಲೆಯಲ್ಲಿ ಒಂದು ಚಾಪೆಯಿದೆ. ಇಪ್ಪತ್ತು ನಿಮಿಷ ಯಾರೂ ಅವನನ್ನು ಎಬ್ಬಿಸುವುದಿಲ್ಲ.