ಸೋಲಿನ ಸರಣಿ ಮತ್ತು ಕೋಚ್ ಕುರ್ಚಿ: ಬೆಂಗಳೂರು ಎಫ್‌ಸಿ ಅನುಭವ ಹೇಳುವುದೇನು?

ಉತ್ತರ ಕನ್ನಡ ಕರಾವಳಿಯ ಫುಟ್‌ಬಾಲ್ ಪ್ರೇಮಿಗಳ ಸ್ಥಿತಿ ತುಸು ವಿಚಿತ್ರವಾದುದು. ಭಟ್ಕಳ, ಹೊನ್ನಾವರ ಅಥವಾ ಕುಮಟಾದಲ್ಲಿ ಕೊಂಕಣ ರೈಲು ಹತ್ತಿದರೆ ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣ ಕೆಲವೇ ಗಂಟೆಗಳ ದಾರಿ. ತಮ್ಮದೇ ರಾಜ್ಯದ ತಂಡದ ಆಟವನ್ನು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೋಡಬೇಕಾದರೆ ಘಟ್ಟ ಹತ್ತಿ ಒಂದು ರಾತ್ರಿಯ ಪ್ರಯಾಣ ಮಾಡಬೇಕು. ಅಷ್ಟು ದೂರ ಹೋಗಿ ಬಂದವನಿಗೂ, ಮನೆಯಲ್ಲಿಯೇ ಟಿವಿ ಮುಂದೆ ಕುಳಿತವನಿಗೂ ತಂಡ ಸತತವಾಗಿ ಸೋಲತೊಡಗಿದಾಗ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಕೋಚ್ ಇರಬೇಕೆ, ಹೋಗಬೇಕೆ?

ಈ ಪ್ರಶ್ನೆ ಕರಾವಳಿಗೆ ಹೊಸದಲ್ಲ. ದೋಣಿ ನಾಲ್ಕಾರು ಸಲ ಬರಿಗೈಯಲ್ಲಿ ದಡಕ್ಕೆ ಮರಳಿದರೆ ತಾಂಡೇಲನನ್ನು ಬದಲಿಸುವ ಮಾತು ಇಲ್ಲಿಯೂ ಏಳುತ್ತದೆ. ಆದರೆ ಅನುಭವಿಯಾದ ಮಾಲೀಕ ಅದಕ್ಕೂ ಮುನ್ನ ಮೂರು ವಿಷಯಗಳನ್ನು ವಿಚಾರಿಸುತ್ತಾನೆ. ತಾಂಡೇಲನ ಲೆಕ್ಕಾಚಾರ ತಪ್ಪಿತೇ? ಕಡಲಿನಲ್ಲಿಯೇ ಮೀನಿಲ್ಲವೇ? ಅಥವಾ ತಾನು ಕೊಟ್ಟ ಬಲೆಯೇ ಹರಿದಿದೆಯೇ? ಫುಟ್‌ಬಾಲ್ ಅಭಿಮಾನಿಗಳ ಚರ್ಚೆ ಬಹುತೇಕ ಮೊದಲನೆಯ ಪ್ರಶ್ನೆಗೇ ನಿಂತುಬಿಡುತ್ತದೆ. ಉಳಿದೆರಡನ್ನೂ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಎಫ್‌ಸಿಯ ಇತಿಹಾಸದಲ್ಲಿಯೇ ಸಾಕಷ್ಟು ನಿದರ್ಶನಗಳಿವೆ.

ಮೂವರಿಂದ ಐವರಿಗೆ

2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಸ್ಥಾಪಿಸಿದ ಈ ಕ್ಲಬ್ ಮೊದಲ ಯತ್ನದಲ್ಲಿಯೇ ಐ-ಲೀಗ್ ಗೆದ್ದಿತು. ಆಶ್ಲೇ ವೆಸ್ಟ್‌ವುಡ್ ಮಾರ್ಗದರ್ಶನದಲ್ಲಿ 2013-14 ಹಾಗೂ 2015-16ರಲ್ಲಿ ಎರಡು ಲೀಗ್ ಪ್ರಶಸ್ತಿಗಳು ಬಂದವು. ನಂತರ ಬಂದ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಕರೆದೊಯ್ದರು; ಭಾರತದ ಯಾವ ಕ್ಲಬ್ಬೂ ಅದುವರೆಗೆ ಆ ಹಂತ ತಲುಪಿರಲಿಲ್ಲ. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕುವಾದ್ರಾತ್ 2018ರಲ್ಲಿ ಮುಖ್ಯ ತರಬೇತುದಾರರಾಗಿ, ಮರುವರ್ಷ ಮಾರ್ಚ್ 17ರಂದು ಮುಂಬಯಿಯಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ಗಳಿಸಿದ ಏಕೈಕ ಗೋಲಿನಿಂದ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ತಂದುಕೊಟ್ಟರು.

ಅಂದರೆ ಮೊದಲ ಏಳೂವರೆ ವರ್ಷಗಳಲ್ಲಿ ಕ್ಲಬ್‌ಗೆ ಇದ್ದವರು ಮೂವರೇ ಮುಖ್ಯ ತರಬೇತುದಾರರು. 2021ರ ಜನವರಿಯಿಂದ 2023ರ ಡಿಸೆಂಬರ್‌ವರೆಗಿನ ಮೂರು ವರ್ಷಗಳಲ್ಲಿ ಹಂಗಾಮಿಗಳೂ ಸೇರಿ ಐವರು ಆ ಹೊಣೆ ಹೊತ್ತರು. ಈ ಬದಲಾವಣೆ ಆರಂಭವಾದುದು ಮೂರು ಸೋಲುಗಳಿಂದ.

ಮೂರು ಸೋಲು, ಒಂದು ವಿದಾಯ

ಕೋವಿಡ್ ಕಾರಣದಿಂದ 2020-21ರ ಐಎಸ್‌ಎಲ್ ಸಂಪೂರ್ಣವಾಗಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದ ಅಂಗಣಗಳಲ್ಲಿ ನಡೆಯಿತು. ಬೆಂಗಳೂರು ತಂಡ ಕರಾವಳಿಯ ಅಭಿಮಾನಿಗಳಿಗೆ ಅಷ್ಟು ಹತ್ತಿರದಲ್ಲಿ ಇಡೀ ಋತುವನ್ನು ಆಡಿದರೂ ಬಾಗಿಲು ಮುಚ್ಚಿತ್ತು.

ಮೊದಲ ಆರು ಪಂದ್ಯಗಳಲ್ಲಿ ತಂಡ ಸೋಲಲಿಲ್ಲ. ಬಳಿಕ ಎಟಿಕೆ ಮೋಹನ್ ಬಾಗಾನ್ ಹಾಗೂ ಜಮ್‌ಶೆಡ್‌ಪುರ ವಿರುದ್ಧ ತಲಾ 1-0, 2021ರ ಜನವರಿ 5ರಂದು ಮುಂಬಯಿ ಸಿಟಿ ವಿರುದ್ಧ 3-1 ಅಂತರದ ಪರಾಭವ. ಮರುದಿನವೇ ಕುವಾದ್ರಾತ್ ನಿರ್ಗಮನದ ಪ್ರಕಟಣೆ ಹೊರಬಿತ್ತು. ಪರಸ್ಪರ ಒಪ್ಪಿಗೆಯ ಮೇರೆಗೆ ಎಂದು ಕ್ಲಬ್ ತಿಳಿಸಿತು.

ಆಗ ತಂಡದ ಬಳಿ ಒಂಬತ್ತು ಪಂದ್ಯಗಳಿಂದ 12 ಅಂಕಗಳಿದ್ದವು. ಹಂಗಾಮಿ ಕೋಚ್ ನೌಷಾದ್ ಮೂಸಾ ಅವರ ಅವಧಿಯ 11 ಪಂದ್ಯಗಳಿಂದ ಬಂದುದು 10 ಅಂಕ ಮಾತ್ರ. ಮೊದಲ ಗೆಲುವಿಗೆ ಫೆಬ್ರವರಿ 2ರವರೆಗೆ ಕಾಯಬೇಕಾಯಿತು. 22 ಅಂಕಗಳೊಂದಿಗೆ ಏಳನೆಯ ಸ್ಥಾನಕ್ಕೆ ಕುಸಿದ ಬೆಂಗಳೂರು ಮೊದಲ ಬಾರಿಗೆ ಪ್ಲೇಆಫ್ ತಪ್ಪಿಸಿಕೊಂಡಿತು. ಮೂಸಾ ಅವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಋತುವಿನ ನಡುವೆ ಅವರಿಗೆ ದೊರೆತುದು ಅದೇ ತಂಡ. ಚಾಂಪಿಯನ್ ಪಟ್ಟ ತಂದ ವರ್ಷದ ಮುಂಚೂಣಿ ಆಟಗಾರ ಮಿಕು 2019ರಲ್ಲಿಯೇ ಹೊರಟುಹೋಗಿದ್ದರು, ನಾಯಕ ಸುನಿಲ್ ಚೆಟ್ರಿ 36 ದಾಟಿದ್ದರು. ಬಲೆಯಲ್ಲಿಯೇ ತೂತುಗಳಿದ್ದವು, ಬದಲಾದುದು ಬಲೆ ಬೀಸುವ ಕೈ ಮಾತ್ರ.

ಎಂಟು ಸೋಲು, ಒಂದು ಫೈನಲ್

ಎರಡೇ ವರ್ಷಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಯೋಗ ನಡೆಯಿತು. ಜರ್ಮನಿಯ ಮಾರ್ಕೊ ಪೆಜೈಯೂಲಿ 2021-22ರಲ್ಲಿ ತಂಡವನ್ನು ಆರನೆಯ ಸ್ಥಾನಕ್ಕೆ ತಂದು ನಿರ್ಗಮಿಸಿದ ಬಳಿಕ ಇಂಗ್ಲೆಂಡಿನ ಸೈಮನ್ ಗ್ರೇಸನ್ ಹೊಣೆ ಹೊತ್ತರು. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬಯಿ ಸಿಟಿಯನ್ನು 2-1ರಿಂದ ಮಣಿಸಿ ಡುರಾಂಡ್ ಕಪ್ ಗೆದ್ದ ತಂಡ, ಐಎಸ್‌ಎಲ್ ಆರಂಭವಾಗುತ್ತಿದ್ದಂತೆ ಮುಗ್ಗರಿಸಿತು. ಹೈದರಾಬಾದ್, ಒಡಿಶಾ, ಈಸ್ಟ್ ಬೆಂಗಾಲ್ ವಿರುದ್ಧ ಸಾಲಾಗಿ 1-0 ಸೋಲು. ನವೆಂಬರ್ 17ರಂದು ಮುಂಬಯಿಯಲ್ಲಿ 4-0 ಹೊಡೆತ. ವರ್ಷ ಮುಗಿಯುವಾಗ 12 ಪಂದ್ಯಗಳಲ್ಲಿ ಎಂಟು ಸೋಲು, ಕೇವಲ 10 ಅಂಕ.

ಪಂದ್ಯವೊಂದಕ್ಕೆ ಸರಾಸರಿ ನೋಡಿದರೆ ಇದು ಕುವಾದ್ರಾತ್ ಹೊರನಡೆದಾಗಿನ ಸ್ಥಿತಿಗಿಂತ ಬಹಳ ಕೆಳಗೆ. ಅವರದು 1.33 ಅಂಕ, ಗ್ರೇಸನ್ ಅವರದು 0.83. ಮೂರು ಸೋಲಿಗೆ ಒಬ್ಬರು ಹೋಗಬೇಕಾಗಿದ್ದರೆ ಎಂಟು ಸೋಲಿಗೆ ಇನ್ನೊಬ್ಬರು ಉಳಿಯುವ ಪ್ರಶ್ನೆಯೇ ಇರಲಿಲ್ಲ. ಆದರೂ ಕ್ಲಬ್ ಆಡಳಿತ ಅವರನ್ನು ಉಳಿಸಿಕೊಂಡಿತು.

ಮುಂದಿನದು ಐಎಸ್‌ಎಲ್ ಇತಿಹಾಸಕ್ಕೆ ಸೇರಿದೆ. 2023ರ ಜನವರಿ 6ರಿಂದ ಲೀಗ್‌ನ ಉಳಿದ ಎಂಟೂ ಪಂದ್ಯಗಳನ್ನು ಗೆದ್ದು 34 ಅಂಕಗಳೊಂದಿಗೆ ತಂಡ ನಾಲ್ಕನೆಯ ಸ್ಥಾನ ಪಡೆಯಿತು. ಮಾರ್ಚ್ 3ರಂದು ಕಂಠೀರವದಲ್ಲಿ ಚೆಟ್ರಿ ಥಟ್ಟನೆ ಬಾರಿಸಿದ ಫ್ರೀಕಿಕ್ ವಿವಾದವಾಗಿ ಕೇರಳ ಬ್ಲಾಸ್ಟರ್ಸ್ ಅಂಗಣ ತೊರೆದದ್ದು, ಸೆಮಿಫೈನಲ್‌ನಲ್ಲಿ ಮುಂಬಯಿ ಸಿಟಿಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9-8ರಿಂದ ಸೋಲಿಸಿದ್ದು ಎಲ್ಲವೂ ಆ ಓಟದ ಭಾಗ. ಮಾರ್ಚ್ 18ರ ಫೈನಲ್ ನಡೆದುದು ಇದೇ ಫತೋರ್ಡಾದಲ್ಲಿ. ಈ ಬಾರಿ ಬಾಗಿಲು ತೆರೆದಿತ್ತು. 2-2 ಸಮಬಲದ ನಂತರ ಶೂಟೌಟ್‌ನಲ್ಲಿ 4-3ರಿಂದ ಎಟಿಕೆ ಮೋಹನ್ ಬಾಗಾನ್ ಗೆದ್ದಿತು.

ಇಲ್ಲಿ ಗಮನಿಸಬೇಕಾದ ಅಂಶ ಕೇವಲ ತಾಳ್ಮೆಯಲ್ಲ. ಗ್ರೇಸನ್ ಸುಮ್ಮನೆ ಕಾಯುತ್ತ ಕುಳಿತಿರಲಿಲ್ಲ. ದೇಶದ ಅತಿ ದೊಡ್ಡ ಆಟಗಾರ ಚೆಟ್ರಿ ಅವರನ್ನು ಹಲವು ಪಂದ್ಯಗಳಲ್ಲಿ ಬದಲಿ ಆಟಗಾರನಾಗಿ ಕೂರಿಸಿ, ಯುವ ಆಟಗಾರ ಶಿವಶಕ್ತಿ ನಾರಾಯಣನ್ ಅವರನ್ನು ರಾಯ್ ಕೃಷ್ಣ ಜೊತೆ ಮುಂಚೂಣಿಗೆ ತಂದರು. ಸೋಲಿನ ನಡುವೆ ಅಂಥ ನಿರ್ಧಾರ ತೆಗೆದುಕೊಳ್ಳಲು ಕೋಚ್‌ಗೆ ಧೈರ್ಯ ಬೇಕು. ಆಡಳಿತ ತನ್ನ ಬೆನ್ನಿಗಿದೆ ಎಂಬ ನಂಬಿಕೆಯೂ ಬೇಕು. ಮುಂದಿನ ಪಂದ್ಯ ಸೋತರೆ ಕೆಲಸ ಹೋಗುತ್ತದೆ ಎಂಬ ಭಯದಲ್ಲಿರುವವನು ನಾಯಕನನ್ನು ಬೆಂಚಿನಲ್ಲಿ ಕೂರಿಸಲಾರ.

ತಾಳ್ಮೆಗೂ ಮಿತಿಯಿದೆ

ಹಾಗೆಂದು ತಾಳ್ಮೆಯೊಂದೇ ಮದ್ದು ಎಂದು ಸಾರುವುದೂ ಸರಿಯಾಗದು. ಮರುವರ್ಷ ಅದೇ ಗ್ರೇಸನ್, ಅದೇ ಮುಂಬಯಿ ಸಿಟಿ, ಅದೇ 4-0 ಅಂತರ. 2023ರ ಡಿಸೆಂಬರ್ 8ರಂದು ಈ ಸೋಲು ಕಂಠೀರವದಲ್ಲಿ ತವರು ಪ್ರೇಕ್ಷಕರ ಎದುರು ಸಂಭವಿಸಿತು. ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು. ಮರುದಿನ ಅವರನ್ನು ಬಿಡುಗಡೆ ಮಾಡಲಾಯಿತು. ರೆನೆಡಿ ಸಿಂಗ್ ಹಂಗಾಮಿಯಾಗಿ ನಿಂತ ಬಳಿಕ, ಹಿಂದೆ ಕುವಾದ್ರಾತ್ ಅವರ ಸಹಾಯಕರಾಗಿದ್ದ ಜೆರಾರ್ಡ್ ಝರಗೋಝಾ ಬಂದರು.

ಈ ಸಲ ಬದಲಾವಣೆಯಿಂದ ಅಂಕಗಳಿಕೆ ಕೊಂಚ ಸುಧಾರಿಸಿದ್ದು ನಿಜ. ಆದರೂ ತಂಡ 12 ತಂಡಗಳ ಪೈಕಿ ಹತ್ತನೆಯ ಸ್ಥಾನದಲ್ಲಿ ಉಳಿಯಿತು. ಆ ಸ್ಥಾನ ನೋಡಿ ಝರಗೋಝಾ ಅವರನ್ನೂ ಕಳುಹಿಸಬಹುದಿತ್ತು, ಕ್ಲಬ್ ಕಳುಹಿಸಲಿಲ್ಲ. 2024-25ರಲ್ಲಿ ಅವರ ತಂಡ ಲೀಗ್‌ನಲ್ಲಿ ಮೂರನೆಯ ಸ್ಥಾನ ಗಳಿಸಿ, 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಮಣಿಯಿತು. ಋತುವಿನ ನಡುವೆ ಕೈಗಿತ್ತ ತಂಡದೊಂದಿಗೆ ಹತ್ತನೆಯ ಸ್ಥಾನ. ಋತುವಿಗೆ ಮುನ್ನ ತಾನೇ ಸಜ್ಜುಗೊಳಿಸಿದ ತಂಡದೊಂದಿಗೆ ಫೈನಲ್. ಕೋಚ್ ಒಬ್ಬರೇ.

ಕುವಾದ್ರಾತ್ ಅವರ ಮುಂದಿನ ಕಥೆಯೂ ಇದಕ್ಕೆ ಪೂರಕ. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದುಕೊಟ್ಟು ಈಸ್ಟ್ ಬೆಂಗಾಲ್‌ನ 12 ವರ್ಷಗಳ ಪ್ರಶಸ್ತಿ ಬರವನ್ನು ನೀಗಿಸಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಐಎಸ್‌ಎಲ್‌ನ ಮೊದಲ ಮೂರು ಪಂದ್ಯಗಳನ್ನು ಸೋತು ತಿಂಗಳ ಕೊನೆಗೆ ಹುದ್ದೆ ತೊರೆದರು. ಆ ಮೂರರಲ್ಲಿ ಮೊದಲನೆಯದು ಬೆಂಗಳೂರು ವಿರುದ್ಧ. ಗೋಲು ಹೊಡೆದವರು ಬೆಂಗಳೂರಿನ ಯುವ ತಂಡದಿಂದ ಬೆಳೆದುಬಂದ ವಿನಿತ್ ವೆಂಕಟೇಶ್. ಕೋಚ್ ಹೋದ ಮೇಲೆ ಈಸ್ಟ್ ಬೆಂಗಾಲ್ ಇನ್ನೂ ಮೂರು ಪಂದ್ಯಗಳನ್ನು ಸೋತು, ಸತತ ಆರು ಸೋಲಿನ ಬಳಿಕವಷ್ಟೇ ಒಂದು ಅಂಕ ಕಂಡಿತು.

ಸರಾಸರಿಗೆ ಮರಳುವ ಆಟ

ಈ ವಿಚಾರವಾಗಿ ವ್ಯವಸ್ಥಿತ ಅಧ್ಯಯನವೂ ನಡೆದಿದೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಆ ದೇಶದ ಪ್ರಮುಖ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಪರಿಶೀಲಿಸಿದರು. ಕೋಚ್ ವಜಾಗೊಂಡ ಬಳಿಕ ತಂಡಗಳು ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಹೀನಾಯ ಸ್ಥಿತಿಯಲ್ಲಿದ್ದೂ ಕೋಚ್‌ನನ್ನು ಬದಲಿಸದ ತಂಡಗಳು ಕೂಡ ಅಷ್ಟೇ ಪ್ರಮಾಣದಲ್ಲಿ ಚೇತರಿಸಿಕೊಂಡಿದ್ದವು. ಸೋಲಿನ ಸರಣಿಯಲ್ಲಿ ದುರದೃಷ್ಟಕ್ಕೂ ಒಂದು ಪಾಲಿರುತ್ತದೆ. ಅದು ಕಳೆದಾಗ ಫಲಿತಾಂಶ ತಾನಾಗಿ ಸರಿದಾರಿಗೆ ಬರುತ್ತದೆ. ಯಶಸ್ಸಿನ ಕೀರ್ತಿ ಮಾತ್ರ ಹೊಸ ಕೋಚ್‌ಗೆ ಸಲ್ಲುತ್ತದೆ.

ಯುರೋಪಿನ ಕ್ಲಬ್‌ಗಳ ಆತುರಕ್ಕೆ ಒಂದು ಸಮರ್ಥನೆಯಾದರೂ ಇದೆ. ಅಲ್ಲಿ ತಳಕ್ಕೆ ಬಿದ್ದ ತಂಡ ಕೆಳದರ್ಜೆಯ ಲೀಗ್‌ಗೆ ಇಳಿಯುತ್ತದೆ, ಆದಾಯ ಕುಸಿಯುತ್ತದೆ. ಮೇಲೆ ಹೇಳಿದ 2020-21 ಮತ್ತು 2023-24ರ ಐಎಸ್‌ಎಲ್‌ಗಳಲ್ಲಿ ಅಂಥ ಹಿಂಬಡ್ತಿಯ ಭೀತಿ ಇರಲಿಲ್ಲ. ಹೀಗಿದ್ದೂ ಯುರೋಪಿನ ಆತುರವನ್ನೇ ಇಲ್ಲಿಗೆ ತಂದುಕೊಳ್ಳಲಾಯಿತು.

ಅಭಿಮಾನಿ ಕೇಳಬೇಕಾದ್ದು

ಕೋಚ್ ಹೋಗಲಿ ಎನ್ನುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಇಪ್ಪತ್ತು ಚಿಲ್ಲರೆ ಪಂದ್ಯಗಳ ಲೀಗ್‌ನಲ್ಲಿ ನಾಲ್ಕು ಸೋಲೆಂದರೆ ಋತುವಿನ ಐದನೆಯ ಒಂದು ಭಾಗ. ಉಳಿಯಲಿ ಎನ್ನುವವರು ಹೇಳುವಂತೆ, ಪ್ರಶಸ್ತಿ ಗೆದ್ದ ಕೋಚ್ ಮೂರು ವಾರಗಳಲ್ಲಿ ಆಟವನ್ನು ಮರೆಯುವುದೂ ಇಲ್ಲ. ಆದರೆ ಎರಡೂ ಪಕ್ಷದವರು ಸೋಲುಗಳನ್ನು ಎಣಿಸುವುದರಲ್ಲಿಯೇ ತೊಡಗಿರುತ್ತಾರೆ. ಬೆಂಗಳೂರಿನ ಅನುಭವ ತೋರಿಸುವುದೆಂದರೆ ಆ ಎಣಿಕೆಯಿಂದ ಏನೂ ತೀರ್ಮಾನವಾಗದು. ಮೂರಕ್ಕೆ ಕಳುಹಿಸಿ ಕೆಟ್ಟದ್ದೂ ಉಂಟು, ಎಂಟಕ್ಕೂ ಉಳಿಸಿ ಗೆದ್ದದ್ದೂ ಉಂಟು.

ಕೇಳಬೇಕಾದ ಪ್ರಶ್ನೆಗಳು ಬೇರೆ. ಸೋಲಿನ ನಡುವೆ ಕೋಚ್ ಏನನ್ನಾದರೂ ಬದಲಿಸುತ್ತಿದ್ದಾರೆಯೇ, ಇಲ್ಲ ಅದೇ ಹನ್ನೊಂದು ಮಂದಿಯನ್ನು ಅದೇ ರೀತಿ ಆಡಿಸುತ್ತಿದ್ದಾರೆಯೇ? ಬರುವ ಹೊಸಬರಿಗೆ ಬೇರೆ ಆಟಗಾರರು ಸಿಗುತ್ತಾರೆಯೇ, ಅಥವಾ ಅದೇ ತಂಡವೇ? ವಿದೇಶಿ ಆಟಗಾರರ ಆಯ್ಕೆ ಯಾರದು, ಅದು ಎಡವಿದ್ದರೆ ಹೊಣೆ ಯಾರದು? ಈ ಕೊನೆಯ ಪ್ರಶ್ನೆಗೆ ಉತ್ತರಿಸಬೇಕಾದವರು ಕೋಚ್ ಅಲ್ಲ, ಆಡಳಿತ. ಕೋಚ್ ವಜಾಗೊಂಡ ದಿನ ಅಭಿಮಾನಿಗಳ ಸಿಟ್ಟು ತಣಿಯುತ್ತದೆ. ಅದರೊಂದಿಗೆ ಆ ಪ್ರಶ್ನೆಯೂ ಮರೆಯಾಗುತ್ತದೆ. ಆಡಳಿತಕ್ಕೆ ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಕೂಗುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗಕ್ಕಾಗಲಿ, ಘಟ್ಟದ ಕೆಳಗೆ ಟಿವಿ ಮುಂದೆ ಕುಳಿತ ಕುಮಟಾ-ಹೊನ್ನಾವರ-ಭಟ್ಕಳದ ಅಭಿಮಾನಿಗಾಗಲಿ ಕೋಚ್‌ನನ್ನು ನೇಮಿಸುವ ಅಧಿಕಾರವಿಲ್ಲ. ಅವರಿಗಿರುವುದು ಪ್ರಶ್ನಿಸುವ ಹಕ್ಕು ಮಾತ್ರ. ಮುಂದಿನ ಸೋಲಿನ ಸರಣಿಯಲ್ಲಿ, ಅದು ಬಂದೇ ಬರುತ್ತದೆ, ತಾಂಡೇಲನತ್ತ ಬೆರಳು ತೋರುವ ಮೊದಲು ಬಲೆಯನ್ನು ಬಿಡಿಸಿ ತೋರಿಸಿ ಎಂದು ಮಾಲೀಕರನ್ನು ಕೇಳಿದರೆ ಆ ಹಕ್ಕು ಸಾರ್ಥಕವಾದೀತು.